ಕೈಗೇ ತಿರುಗಿದ ಬೋಲ್ಟು

ಬಂಟ್ವಾಳ ಪೇಟೆಯ ಕೆಳಬದಿಯಲ್ಲಿ ನನ್ನದೊಂದು ಗ್ಯಾರೇಜ್ ಇತ್ತು. ಗ್ಯಾರೇಜ್ ಎಂದರೆ ನಾಲ್ಕು ಕಂಬಗಳ ಮೇಲೆ ಹಂಚಿನ ಮಾಡು, ನೆಲದಲ್ಲಿ ಒಂದು ಹೊಂಡ, ಮರದ ಪೆಟ್ಟಿಗೆಯ ತುಂಬ ಸ್ಪ್ಯಾನರುಗಳು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಂಗಳೂರಿನಲ್ಲಿ ಎಂಟು ವರ್ಷ ಕೆಲಸ ಕಲಿತು ಬಂದವನೆಂದು ಬೆಳ್ತಂಗಡಿ, ಮೂಡುಬಿದಿರೆಗಳಿಂದಲೂ ನನ್ನಲ್ಲಿಗೆ ಕಾರು ತರುತ್ತಿದ್ದರು. ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ನಾನೂ ಅದನ್ನು ನಂಬಿಬಿಟ್ಟಿದ್ದೆ.

ಮೂಡುಬಿದಿರೆಯ ಒಬ್ಬ ಜೈನ ಧನಿಗಳಲ್ಲಿ ಕಪ್ಪು ಬಣ್ಣದ ಹಳೆಯ ವಿಲಾಯತಿ ಕಾರೊಂದಿತ್ತು. ಅದನ್ನು ಓಡಿಸುತ್ತಿದ್ದ ಡ್ರೈವರು ಬೆಳ್ತಂಗಡಿ ಹತ್ತಿರದ ಲಾಯಿಲದವರು. ಯುದ್ಧದ ಕಾಲದಲ್ಲಿ ಇದ್ದಿಲ ಗ್ಯಾಸಿನ ಬಸ್ಸು ಓಡಿಸಿದ ಮನುಷ್ಯ, ಐವತ್ತು ದಾಟಿತ್ತು, ಮಾತು ಕಡಿಮೆ. ಆ ವರ್ಷದ ಆಟಿ ತಿಂಗಳ ಜಡಿಮಳೆಯಲ್ಲಿ ಧನಿಗಳು ತಾಲೂಕು ಕಚೇರಿಗೆಂದು ಬಂದಿದ್ದಾಗ ನೇತ್ರಾವತಿಯ ನೀರು ಪೇಟೆಗೆ ಏರಿತು. ನಿಲ್ಲಿಸಿದ್ದ ಕಾರಿನ ಅರ್ಧ ಎಂಜಿನ್ ಮುಳುಗಿತು. ನೀರು ಇಳಿದ ಮೇಲೆ ನಾಲ್ಕು ಜನ ಅದನ್ನು ನನ್ನಲ್ಲಿಗೆ ತಳ್ಳಿಕೊಂಡು ಬಂದರು.

ಸ್ಟಾರ್ಟರ್ ಮೋಟರಿನ ಒಳಗೆಲ್ಲ ಕೆಸರು. ಬಿಚ್ಚಿ, ತೊಳೆದು, ಒಣಗಿಸಿ ಮತ್ತೆ ಕೂರಿಸಲು ಎರಡು ದಿನ ಹಿಡಿಯಿತು. ಎರಡೂ ದಿನ ಆ ಡ್ರೈವರು ನನ್ನ ಜೊತೆಗೇ ಇದ್ದರು, ಕೇಳುವ ಮೊದಲೇ ಬೇಕಾದ ಸ್ಪ್ಯಾನರು ಕೈಗೆ ಕೊಡುತ್ತಿದ್ದರು. ಎಂಜಿನ್ ಓಡುತ್ತಿದೆಯೋ ಇಲ್ಲವೋ ನೋಡಲು ಅವರು ಬಾನೆಟ್ಟಿನ ಮೇಲೆ ಅಂಗೈ ಇಡುವುದನ್ನು ನಾನು ಗಮನಿಸಿದೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಇವರಿಗೆ ಕಿವಿ ಮಂದವಾಗಿದೆ ಎಂದು ತಿಳಿಯಿತು. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೋಟರನ್ನು ಕೂರಿಸುವಾಗ ಮೇಲಿನ ಬೋಲ್ಟಿನ ತ್ರೆಡ್ಡು ಸವೆದಿರುವುದು ಕಂಡಿತು. ಮುಂದಿನ ವಾರ ಮಂಗಳೂರಿನಿಂದ ಹೊಸದು ತರಿಸಿ ಹಾಕುವ ಎಂದುಕೊಂಡು, ಸದ್ಯಕ್ಕೆ ಅದನ್ನೇ ಬಿಗಿದೆ. ಆಮೇಲೆ ಮರೆತೆ.

ನವರಾತ್ರಿ ಕಳೆದ ಮೇಲೆ ಕಾರು ಮತ್ತೆ ಬಂತು. ಹಿಂದಿನ ಸೀಟಿನಲ್ಲಿ ಧನಿಗಳಿದ್ದರು. ಸ್ಟಾರ್ಟರ್ ಎಳೆದರೆ ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಹಾಗೆ ಕರಕರ ಸದ್ದು. ಮೋಟರಿನ ಸಣ್ಣ ಚಕ್ರದ ಹಲ್ಲು ಎಂಜಿನಿನ ದೊಡ್ಡ ಫ್ಲೈವೀಲಿನ ಹಲ್ಲಿಗೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೆ ಆಗುವ ಸದ್ದು ಅದು. ಫ್ಲೈವೀಲಿನ ಹಲ್ಲೇ ಸವೆದಿರಬಹುದು, ಇಲ್ಲವೆ ಮೋಟರು ತನ್ನ ಜಾಗದಲ್ಲಿ ಅಲುಗಾಡುತ್ತಿರಬಹುದು. ಯಾವುದೆಂದು ತಿಳಿಯುವುದು ಕಷ್ಟವೇನಲ್ಲ. ಕಾರನ್ನು ಗೇರಿಗೆ ಹಾಕಿ ಒಂದು ಮೊಳ ಮುಂದೆ ತಳ್ಳಿ ಮತ್ತೆ ಸ್ಟಾರ್ಟರ್ ಎಳೆಯಬೇಕು. ಹಾಗೆ ಮೂರು ನಾಲ್ಕು ಸಲ ಮಾಡಿದಾಗ ಕೆಲವು ಕಡೆ ಸದ್ದು ನಿಂತರೆ ಹಲ್ಲಿನ ದೋಷ, ಎಲ್ಲ ಕಡೆಯೂ ಕರಕರ ಎಂದರೆ ಮೋಟರಿನ ಬಿಗಿ ನೋಡಬೇಕು. ಐದು ನಿಮಿಷದ ಕೆಲಸ.

ಅದನ್ನು ನಾನು ಮಾಡಲಿಲ್ಲ. ಯಾಕೆಂದರೆ ಡ್ರೈವರು ಇಳಿದವರೇ ಒಂದು ಮಾತು ಹೇಳಿದರು.

"ನೀವು ಬಿಚ್ಚಿ ಕೂರಿಸಿದ ಮೇಲೆ ಶುರುವಾದದ್ದು ಇದು."

ತುಳುವಿನಲ್ಲಿ, ಮೆಲ್ಲಗೆ, ಆಪಾದನೆಯ ದನಿಯಿಲ್ಲದೆ ಹೇಳಿದ ಮಾತು. ಆದರೆ ಪಕ್ಕದಲ್ಲಿ ಧನಿಗಳಿದ್ದರು, ಬೇರೆ ಕಾರಿನ ಇಬ್ಬರು ಗಿರಾಕಿಗಳು ನಿಂತಿದ್ದರು. ನನಗೆ ಮುಖ ಬಿಸಿಯಾಯಿತು. ಸ್ಪ್ಯಾನರು ಕೈಗೆತ್ತಿಕೊಳ್ಳದೆಯೇ ಫ್ಲೈವೀಲಿನ ಹಲ್ಲು ಹೋಗಿದೆ ಎಂದೆ. ಅದು ಹೇಗೆ ಹೋಗುತ್ತದೆ ಎಂದು ಧನಿಗಳು ಕೇಳಿದರು. ಎಂಜಿನ್ ಓಡುತ್ತಿರುವಾಗಲೇ ಮತ್ತೆ ಸ್ಟಾರ್ಟರ್ ಎಳೆದರೆ ಹೋಗುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇವರಿಗೆ ಕಿವಿ ಕೇಳುವುದಿಲ್ಲ. ಎಂಜಿನ್ ಹಿಡಿದದ್ದು ಗೊತ್ತಾಗುವುದಿಲ್ಲ ಇವರಿಗೆ. ನಿಮಗೆ ಗೊತ್ತಿಲ್ಲವಾ?" ಎಂದುಬಿಟ್ಟೆ.

ಧನಿಗಳು ಡ್ರೈವರನ್ನು ನೋಡಿದರು. ನನ್ನ ಮಾತು ಡ್ರೈವರಿಗೆ ಪೂರ್ತಿ ಕೇಳಿಸಿತೋ ಇಲ್ಲವೋ ನಾನರಿಯೆ, ನಮ್ಮಿಬ್ಬರ ಮುಖ ನೋಡಿಯೇ ಅರ್ಥವಾಗಿರಬೇಕು. ಅವರು ತಲೆ ತಗ್ಗಿಸಿ ಕಾರಿನ ಬಾಗಿಲನ್ನು ಒಮ್ಮೆ ತೆರೆದು ಮತ್ತೆ ಹಾಕಿದರು. ಗೇರ್ ಬಾಕ್ಸ್ ಇಳಿಸಿ ಫ್ಲೈವೀಲಿನ ಸುತ್ತಲಿನ ಹಲ್ಲಿನ ಬಳೆ ಬದಲಿಸಲು ಸಮಯ ಬೇಕು, ಅಲ್ಲಿಯವರೆಗೆ ಕಾರಿನ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಎಂದು ನಾನು ಹೇಳಿ ಕಳಿಸಿದೆ. ಹೊರಡುವಾಗ ಹ್ಯಾಂಡಲ್ ತಿರುಗಿಸಿದವರು ಆ ಡ್ರೈವರೇ. ಒಂದೇ ಸುತ್ತಿಗೆ ಎಂಜಿನ್ ಹಿಡಿಯಿತು.

ಮುಂದಿನ ತಿಂಗಳು ಬಳೆ ಬದಲಿಸಲು ಕಾರು ಬಂದಾಗ ಡ್ರೈವರ್ ಸೀಟಿನಲ್ಲಿ ಒಬ್ಬ ಯುವಕ ಕುಳಿತಿದ್ದ. ಹಳಬರು ಎಲ್ಲಿ ಎಂದು ಕೇಳಿದೆ. ಧನಿಗಳು ಅವರನ್ನು ಕೆಲಸದಿಂದ ಬಿಡಿಸಿದರಂತೆ, ಮನೆಯ ಹೆಂಗಸರನ್ನು ಮಕ್ಕಳನ್ನು ಕೂರಿಸಿಕೊಂಡು ಘಾಟಿಯಲ್ಲಿ ಹೋಗುವ ಕಾರು, ಹಾರ್ನ್ ಕೇಳಿಸದವರ ಕೈಯಲ್ಲಿ ಹೇಗೆ ಕೊಡುವುದು ಎಂದರಂತೆ.

ನಾನು ಹೊಂಡಕ್ಕಿಳಿದೆ. ಗೇರ್ ಬಾಕ್ಸ್ ಇಳಿಸುವ ಮೊದಲು ಸ್ಟಾರ್ಟರ್ ತೆಗೆಯಬೇಕು. ಮೇಲಿನ ಬೋಲ್ಟಿಗೆ ಸ್ಪ್ಯಾನರು ಹಾಕಲು ಹೋದರೆ ಅದು ಬೆರಳಿಗೇ ತಿರುಗಿತು. ಮೋಟರನ್ನು ಕೈಯಲ್ಲಿ ಹಿಡಿದರೆ ಸಡಿಲ ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಮೋಟರು ತೆಗೆದು ಆ ಯುವಕನಿಗೆ ಮೇಲಿನಿಂದ ಹ್ಯಾಂಡಲ್ ತಿರುಗಿಸಲು ಹೇಳಿ, ಮೋಟರು ಕೂತಿದ್ದ ಕಿಂಡಿಯಲ್ಲಿ ಟಾರ್ಚ್ ಹಿಡಿದು ಫ್ಲೈವೀಲಿನ ಸುತ್ತ ಒಂದೊಂದೇ ಹಲ್ಲು ನೋಡಿದೆ. ಅಂಚಿನಲ್ಲಿ ಸ್ವಲ್ಪ ಗೀರು ಬಿದ್ದದ್ದು ಬಿಟ್ಟರೆ ಎಲ್ಲ ಹಲ್ಲೂ ಸರಿಯಾಗಿದ್ದವು.

ಟಾರ್ಚ್ ಆರಿಸಿದೆ. ಏನಾಯಿತು ಎಂದು ಯುವಕ ಕೇಳಿದ. ಬಳೆ ಬೇಡ, ಸರಿಯಾಗ್ತದೆ ಎಂದೆ. ಹೊಸ ಬೋಲ್ಟು ಹಾಕಿದೆ. ಕಾರು ಸದ್ದಿಲ್ಲದೆ ಸ್ಟಾರ್ಟ್ ಆಯಿತು. ನನ್ನ ಕೈಗುಣವನ್ನು ಹೊಗಳಿ ಅವನು ಹೋದ.

ಲಾಯಿಲಕ್ಕೆ ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಅವರು ಜಗಲಿಯಲ್ಲಿ ಹೆಂಡತಿಯ ಪಕ್ಕ ಕುಳಿತು ಬೀಡಿ ಕಟ್ಟುತ್ತಿದ್ದರು. ಸ್ಟೇರಿಂಗ್ ಹಿಡಿದ ದಪ್ಪ ಬೆರಳುಗಳಿಗೆ ಎಲೆ ಮಡಚುವುದು ಇನ್ನೂ ಒಗ್ಗಿರಲಿಲ್ಲ, ಅವರು ಕಟ್ಟಿದ್ದನ್ನು ಹೆಂಡತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನಾನು ಎದುರು ಕುಳಿತು ಗಟ್ಟಿಯಾಗಿ, ನಿಧಾನವಾಗಿ, ಬೋಲ್ಟಿನ ವಿಷಯ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

"ನನಗೆ ಅವತ್ತೇ ಗೊತ್ತಿತ್ತು," ಎಂದರು ಅವರು. "ಸ್ಟಾರ್ಟರ್ ಎಳೆಯುವಾಗ ಕಾಲಡಿಗೆ ಒಂದು ನಡುಕ ಬರ್ತಿತ್ತು. ಮೋಟರು ಕೂತದ್ದು ಸರಿ ಇಲ್ಲ ಅಂತ ಅದಕ್ಕೇ ಹೇಳಿದ್ದು."

"ಮತ್ತೆ ಧನಿಗಳ ಹತ್ತಿರ ಹೇಳಲಿಲ್ಲ ಯಾಕೆ?"

"ಕಿವಿಯ ವಿಷಯ ನೀವು ಹೇಳಿದ್ದು ಸುಳ್ಳಲ್ಲವಲ್ಲ."

ಮೂಡುಬಿದಿರೆಗೆ ಹೋಗಿ ಧನಿಗಳಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ ಎಂದೆ. ಅವರು ಮತ್ತೊಂದು ಎಲೆ ಎತ್ತಿಕೊಂಡರು. ಅವರ ಹೆಂಡತಿ ಮಾತ್ರ ಅಂಗಳದ ತುದಿಯವರೆಗೆ ಬಂದು, ಧನಿಗಳು ಏನು ಹೇಳಿದರೆಂದು ಒಮ್ಮೆ ಬಂದು ತಿಳಿಸಿ ಎಂದರು.

ಮರುದಿನವೇ ಹೋದೆ. ಧನಿಗಳು ಚಾವಡಿಯಲ್ಲಿ ಕುಳ್ಳಿರಿಸಿ, ನಡುವೆ ಬಾಯಿ ಹಾಕದೆ ಕೇಳಿದರು. ಅವರಿಗೆ ಕೋಪ ಬರಬಹುದೆಂದು ಕಾದಿದ್ದೆ, ಬರಲಿಲ್ಲ.

"ನಿಮ್ಮ ಬೋಲ್ಟಿನ ತಪ್ಪು ನೀವು ಒಪ್ಪಿಕೊಂಡಿರಿ, ಒಳ್ಳೆಯದಾಯಿತು," ಎಂದರು. "ಆದರೆ ಅವನಿಗೆ ಕಿವಿ ಕೇಳುವುದಿಲ್ಲ ಎನ್ನುವುದು ನಿಜ ಉಂಟಲ್ಲ. ಅದು ತಿಳಿದ ಮೇಲೆ ನಾನು ಹೇಗೆ ಮಕ್ಕಳನ್ನು ಆ ಕಾರಿನಲ್ಲಿ ಕೂರಿಸಲಿ? ತಿಳಿಯದೆ ಇದ್ದಿದ್ದರೆ ಅವನು ಇನ್ನೂ ಹತ್ತು ವರ್ಷ ಓಡಿಸುತ್ತಿದ್ದ ಅಂತ ಕಾಣ್ತದೆ."

ಹಾಗಾದರೆ ಅವರಿಗೆ ಬೇರೆ ಕೆಲಸವೇನಾದರೂ ಕೊಡಬಹುದೇ ಎಂದು ಕೇಳಿದೆ. ಭತ್ತದ ಕಣಜ ನೋಡಿಕೊಳ್ಳಲು ಆಗಲೇ ಕರೆದಿದ್ದರಂತೆ, ಕಾರಿನ ಶೆಡ್ಡು ಕಾಣುವ ಜಾಗದಲ್ಲಿ ಕೂರಲಾರೆ ಎಂದು ಅವರು ಒಪ್ಪಲಿಲ್ಲವಂತೆ.

ಧನಿಗಳು ಕಾರನ್ನು ನನ್ನಲ್ಲಿಗೇ ಕಳಿಸುತ್ತ ಬಂದರು. ಬೇರೆ ಗ್ಯಾರೇಜಿಗೆ ಕಳಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಲಾಯಿಲಕ್ಕೆ ಮತ್ತೆ ಹೋಗಬೇಕಿತ್ತು. ಹೋಗಿ ಏನು ಹೇಳುವುದು ಎಂದು ಒಂದು ವಾರ ಮುಂದೆ ಹಾಕಿದೆ, ಆಮೇಲೆ ಒಂದು ತಿಂಗಳು. ಹಾಗೆಯೇ ಬೇಸಿಗೆ ಕಳೆದು ಮಳೆಗಾಲ ಬಂತು. ಬೆಳ್ತಂಗಡಿಗೆ ಎರಡು ಸಲ ಹೋಗಿಯೂ ಆ ದಾರಿ ಹಿಡಿಯಲಿಲ್ಲ. ಕೊನೆಗೆ ಹೋದಾಗ ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಡ್ರೈವರೂ ಹೆಂಡತಿಯೂ ಘಟ್ಟದ ಮೇಲಿನ ಮಗಳ ಊರಿಗೆ ಹೋದರು ಎಂದರು ಅವರು, ಯಾವ ಊರೆಂದು ಅವರಿಗೂ ತಿಳಿದಿರಲಿಲ್ಲ. ಬಂದು ತಿಳಿಸಿ ಎಂದಿದ್ದ ಆ ಹೆಂಗಸು ಎಷ್ಟು ದಿನ ನನ್ನ ದಾರಿ ಕಾದರೋ ಗೊತ್ತಿಲ್ಲ.