ತೊಡೆ ಮೇಲಿಟ್ಟ ಪಾದ

ಮೊನ್ನೆ ಆಸ್ಪತ್ರೆಯಲ್ಲಿ ನನ್ನ ಬೆರಳಿಗೆ ಸೂಜಿ ಚುಚ್ಚಿ ಸ್ಪಿರಿಟ್ ಹತ್ತಿ ಒತ್ತಿದರು. ನನಗೂ ಸಕ್ಕರೆ ಕಾಯಿಲೆಯಂತೆ. ಬರಲಿ, ಈ ವಯಸ್ಸಿಗೆ ಇನ್ನೇನು ಬರಬೇಕು. ಆದರೆ ಆ ಸ್ಪಿರಿಟ್ ವಾಸನೆ ನನ್ನನ್ನು ಹದಿನೈದು ವರ್ಷ ಹಿಂದಕ್ಕೆ, ದುರ್ಗದ ಒಂದು ಆಸ್ಪತ್ರೆಯ ವಾರ್ಡಿಗೆ ಎಳೆದುಕೊಂಡು ಹೋಯಿತು. ನೀವೂ ಬನ್ನಿ, ಹೆಚ್ಚು ಹೊತ್ತು ಹಿಡಿಯಲ್ಲ. ನನಗೆ ಬರೆಯೋಕೆ ಬರೋದೇ ಇಷ್ಟು.

ನಮ್ಮ ಯಜಮಾನರು ಗಾರೆ ಕೆಲಸದವರು. ಹೊಳಲ್ಕೆರೆ ಸುತ್ತ ಅವರು ಕಟ್ಟಿದ ಗೋಡೆಗಳು ಇನ್ನೂ ನಿಂತಿವೆ. ಚಪ್ಪಲಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಏನು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅದನ್ನೇ ಗಟ್ಟಿ ಕಾಲು ಅಂದುಕೊಂಡು ಮೆರೆಯುತ್ತಿದ್ದರು. ಆ ವರ್ಷ ಭೀಮನ ಅಮಾವಾಸ್ಯೆ ದಿನ ನಾನು ಎಲ್ಲ ಹೆಂಗಸರ ಹಾಗೆ ಗಂಡನ ಪಾದ ತಟ್ಟೆಯಲ್ಲಿಟ್ಟು ತೊಳೆದೆ, ಅರಿಶಿನ ಕುಂಕುಮ ಹಚ್ಚಿದೆ, ಹೂವಿಟ್ಟು ಹಣೆ ಮುಟ್ಟಿಸಿದೆ. ಮೂರು ದಿನಕ್ಕೆ ಕಾಲು ಊದಿ ಕೊಳೆತ ವಾಸನೆ. ಆಸ್ಪತ್ರೆಗೆ ಹೋದರೆ ಕಿರುಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಮುರಿದ ಜಾಲಿ ಮುಳ್ಳು.

"ಬೆರಳು ತೆಗೀತೀವಿ. ಗಾಯ ಮೇಲಕ್ಕೇರಿದ್ರೆ ಪಾದನೇ ತೆಗೀಬೇಕಾಗ್ತೈತೆ" ಅಂದರು ಡಾಕ್ಟರು.

ಗಾಯ ತೊಳೆಯಲು ಬಂದ ಸಿಸ್ಟರು ಹಿರಿಯೂರು ಕಡೆಯ ಹುಡುಗಿ, ನನ್ನ ಭುಜದಷ್ಟೂ ಎತ್ತರ ಇಲ್ಲ. ಪಾದಕ್ಕೆ ಅಂಟಿದ್ದ ಅರಿಶಿನ ನೋಡಿದಳು.

"ಪೂಜೆ ಮಾಡಿದ್ರಲ್ಲಮ್ಮ, ಅಡಿ ತಿರುಗಿಸಿ ನೋಡಿದ್ರಾ?"

"ಗಂಡನ ಪಾದ ಯಾರಾದ್ರೂ ತಿರುಗಿಸ್ತಾರೇನವ್ವ? ಅದೇನು ಎತ್ತಿನ ಗೊರಸಾ?"

ಯಜಮಾನರು ಮಂಚದಿಂದಲೇ, "ಲೇ, ಎತ್ತಿಗಾದ್ರೆ ಲಾಳ ಹೊಡಿಸ್ತಾರೆ. ನನಗೆ ಅದೂ ಇಲ್ಲ" ಅಂದರು. ಕಾಲು ಹೋಗುವ ಹೊತ್ತಿನಲ್ಲೂ ಬಾಯಿ ಹೋಗಿರಲಿಲ್ಲ.

ಬೆರಳು ತೆಗೆದರು. ಮನೆಗೆ ಕಳಿಸುವ ಮುಂಚೆ ಆ ಹುಡುಗಿ ನನ್ನನ್ನು ಕೂರಿಸಿ ಹೇಳಿಕೊಟ್ಟಳು. ಮೊದಲು ಸೋಪು ಹಾಕಿ ಕೈ ತೊಳೀರಿ. ನೀರಿನ ಬಿಸಿ ನಿಮ್ಮ ಮೊಣಕೈಯಲ್ಲಿ ನೋಡ್ರಿ, ಅವರ ಕಾಲನ್ನ ನಂಬಬೇಡ್ರಿ. ಬೆರಳ ಸಂದಿ ಒರೆಸ್ರಿ. ಅಂಗಾಲು ದಿನಾ ನೋಡ್ರಿ. ನಾನು ಎಲ್ಲದಕ್ಕೂ ಹ್ಞೂಂ ಅಂದೆ. ಓದಿದವರು ಏನು ಹೇಳಿದರೂ ಹ್ಞೂಂ ಅನ್ನೋದು ನಮ್ಮ ಅಭ್ಯಾಸ.

"ಹ್ಞೂಂ ಬೇಡ. ಈಗ ನಾನು ರೋಗಿ, ನೀವು ಸಿಸ್ಟರು" ಅಂದವಳೇ ಬೂಟು ಕಳಚಿ, ಕಾಲುಚೀಲ ಎಳೆದು, ಬರಿಗಾಲನ್ನು ನನ್ನ ತೊಡೆ ಮೇಲೆ ಇಟ್ಟುಬಿಟ್ಟಳು.

ವಾರ್ಡೆಲ್ಲ ನೋಡುತ್ತಿದೆ. ಕೈ ತೊಳೆಯದೆ ಪಾದ ಮುಟ್ಟಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡು, "ನಿಮ್ಮ ಯಜಮಾನರ ಪಾದ ಹೋಯ್ತು ನೋಡ್ರಿ" ಅಂದಳು. ಬೈದಿದ್ದರೆ ಮರೆಯುತ್ತಿದ್ದೆ. ನಾಲ್ಕನೇ ಸಲಕ್ಕೆ ಸರಿ ಬಂತು. ಅಷ್ಟು ಓದಿದವಳು, ಆಗಷ್ಟೇ ಹೆಬ್ಬೆಟ್ಟು ದಾಟಿ ಸಹಿ ಹಾಕಲು ಕಲಿತಿದ್ದ ನನ್ನ ಕೈಗೆ ತನ್ನ ಕಾಲು ಕೊಟ್ಟು ಕಲಿಸಿದಳಲ್ಲ, ಅಂಥದ್ದನ್ನು ನಾನು ಯಾವ ಗುಡಿಯಲ್ಲೂ ಕಾಣಲಿಲ್ಲ.

ನಾಲ್ಕು ತಿಂಗಳು ದಿನಾ ತೊಳೆದೆ, ಕಟ್ಟಿದೆ. ಗಾಯ ಮುಚ್ಚಿತು. ಯಜಮಾನರು ಚಪ್ಪಲಿ ಮೆಟ್ಟಿಕೊಂಡು, ಅದನ್ನು ಬೈದುಕೊಂಡು, ಇನ್ನೂ ಒಂಬತ್ತು ವರ್ಷ ಗೋಡೆ ಕಟ್ಟಿದರು. ಸತ್ತದ್ದು ಎದೆನೋವಿಗೆ. ಪಾದ ಎರಡೂ ಅವರ ಜೊತೆಗೇ ಹೋದವು.

ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದ ನಾನು, ಬಗ್ಗಲಾಗದೆ, ಸೊಸೆಯ ಕನ್ನಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲು ಹಿಡಿದೆ.

"ಏನತ್ತೆ, ಈ ವಯಸ್ಸಲ್ಲಿ ಕಾಲಿಗೆ ಶೃಂಗಾರನಾ?" ಅಂದಳು ಸೊಸೆ.

ಇಷ್ಟು ವರ್ಷ ನನ್ನನ್ನು ಹೊತ್ತ ಅಂಗಾಲನ್ನು ಮೊದಲ ಸಲ ನೋಡಿದೆ. ಹಿಮ್ಮಡಿಯ ಬಿರುಕಿನಲ್ಲಿ ಒಂದು ಕೆಂಪು ಗಾಯ. ನೋವೇ ಇರಲಿಲ್ಲ.

"ಸೋಪು ತಗಂಬಾರೆ" ಅಂದೆ.