ದೊಡ್ಡಪ್ಪನ ಬೋಂಡಾ ಗ್ರಾಫ್

ಗುಂಡ್ಲುಪೇಟೆ ಸೀಮೆಯ ಸಮಸ್ತ ಬೋಂಡಾಪ್ರಿಯ ಮಹಾಜನರೇ! ನನ್ನದೊಂದು ಅಹವಾಲು ಕೇಳಿ.

ಏರಿಕೆ ಇಳಿಕೆಗಳನ್ನು ಇಂಗ್ಲಿಷಿನಲ್ಲಿ ಹೇಳುವುದನ್ನು ಕಲಿಸುತ್ತಿರುವ ಚಾಮರಾಜನಗರದ ಕೋಚಿಂಗ್ ಮೇಷ್ಟ್ರು, ಮನೆಯ ವಿಷಯದ ಮೇಲೆಯೇ ಒಂದು ಗ್ರಾಫ್ ಬರೆದು ತನ್ನಿ ಅಂದಿದ್ದರು. ಶುಗರ್ ಇರುವ ನಮ್ಮ ದೊಡ್ಡಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕದ್ದು ತಿನ್ನುವ ಬೋಂಡಾಗಳ ಲೆಕ್ಕ ಎಂದು ಒಂದು ಗ್ರಾಫ್ ಬರೆದೆ. ಕೆಳಗೆ ‘ಎ ಶಾರ್ಪ್ ರೈಸ್ ಇನ್ ಬೋಂಡಾಸ್’ ಎಂದೂ ಸೇರಿಸಿದೆ. ಮನೆಯಲ್ಲಿ ಯಾರಿಗೆ ಇಂಗ್ಲಿಷ್ ಬರುತ್ತದೆಂದು ಟೇಬಲ್ ಮೇಲೇ ಬಿಟ್ಟಿದ್ದೆ.

ಇಂದು ಮಧ್ಯಾಹ್ನ ದೊಡ್ಡಮ್ಮ ಅದನ್ನು ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಓದಿಬಿಟ್ಟರು!

“ಬೋಂಡಾ ಮೂಸೂ ನೋಡಿಲ್ಲ ಕಣಮ್ಮಿ!” ಎಂದು ದೊಡ್ಡಪ್ಪ ಕೂಗಿಕೊಂಡರು.

“ಸುಮ್ಕಿರಿ! ಇವತ್ತಿಂದ ನಿಮ್ ಊಟ್ದಲ್ಲಿ ಎ ಸಡನ್ ಡ್ರಾಪ್!”

ದೊಡ್ಡಪ್ಪನ ತಟ್ಟೆಗೆ ಅರ್ಧ ಮುದ್ದೆ ಬಿತ್ತು.

ಪಾಪ, ಅವರು ಹೇಳಿದ್ದು ನಿಜ. ಆ ಗ್ರಾಫಿನಲ್ಲಿರುವ ಬೋಂಡಾಗಳೆಲ್ಲ ನಾನು ತಿಂದವು.