ಬೋರ್ಡಿನ ಮೇಲೆ ನಾಲ್ಕೇ ಬಿಲ್ಲೆ

ನನ್ನ ಮಾವ ಕೋಲಾರದ ಚಿನ್ನದ ಗಣಿಯೊಳಗೆ ಇಳಿದು ಇಪ್ಪತ್ತು ವರ್ಷ ದುಡಿದವರು ಎಂಬುದನ್ನು ನಾನು ಎಂದೂ ಪೂರ್ತಿ ನಂಬಿರಲಿಲ್ಲ. ಅಮೆರಿಕದ ಸರಟೋಗಾದ ನಮ್ಮ ಮನೆಗೆ ಬಂದಾಗಲೆಲ್ಲ, ಊಟಕ್ಕೆ ಬಂದ ಗೆಳೆಯರ ಮುಂದೆ ಆ ಕತೆಗಳನ್ನು ಬಿಚ್ಚುತ್ತಿದ್ದರು. ಕತೆಯೊಳಗಿನ ಅದೇ ಬಂಡೆ ಒಂದು ಸಲ ಅವರ ಎಡಕ್ಕೆ ಬೀಳುತ್ತಿತ್ತು, ಇನ್ನೊಂದು ಸಲ ಬಲಕ್ಕೆ. ನಾನು ಫಿಸಿಯೋಥೆರಪಿಸ್ಟ್. ಮೈಮುರಿದು ದುಡಿದವರ ಬೆನ್ನು, ಮಂಡಿ ಹೇಗಿರುತ್ತವೆಂದು ಬಲ್ಲೆ. ಮಾವನ ಮಂಡಿಗಳು ಹಾಗಿರಲಿಲ್ಲ.

"ಅಪ್ಪನ್ನ ಯಾಕೆ ಡೌಟ್ ಮಾಡ್ತೀಯಾ? ಗಣಿ ಪಾಳಿ ಸೈರನ್ ಆಗೋ ಮುಂಚೆ ಮನೆ ಬಿಡೋರು, ನಾನೇ ನೋಡಿದೀನಿ" ಎಂದು ಗಂಡ ಮಾತು ಮುಗಿಸುತ್ತಿದ್ದ.

ಕಳೆದ ಬೇಸಿಗೆಯಲ್ಲಿ ನಾನು, ಗಂಡ, ಮಗಳು, ಮಾವ ಅಲಾಸ್ಕಾಗೆ ಹೊರಟೆವು. ಅಲ್ಲಿ ಇನ್ನೂ ಕೆಲಸ ನಡೆಯುತ್ತಿರುವ ಒಂದು ಚಿನ್ನದ ಗಣಿಯಲ್ಲಿ ಪ್ರವಾಸಿಗರನ್ನೂ ಕೆಳಗೆ ಕರೆದೊಯ್ಯುತ್ತಾರೆಂದು ತಿಳಿದು ನಾನೇ ಬುಕ್ ಮಾಡಿದೆ. ಮಾವನಿಗೆ ಖುಷಿಯಾಗಲಿ ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ನನಗೆ ಬೇಕಿದ್ದದ್ದು ಅವರು ಸಿಕ್ಕಿಬೀಳುವುದನ್ನು ನೋಡುವುದು.

ಗಣಿಯ ಆಫೀಸಿನಲ್ಲಿ ಒಂದು ಫಾರಂ ಕೊಟ್ಟರು. 'ಮೊದಲು ನೆಲದಡಿ ಕೆಲಸ ಮಾಡಿದ್ದೀರಾ?' ಎಂಬ ಸಾಲಿನ ಎದುರು ಮಾವ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ನಾನು ವಾರೆಗಣ್ಣಿನಲ್ಲಿ ನೋಡಿದೆ. ಏನೂ ಬರೆಯದೆ ಮುಂದಿನ ಸಾಲಿಗೆ ಹೋದರು. ಗಣಿಯವರು ಕೊಟ್ಟ ಸೊಂಟದ ಬೆಲ್ಟನ್ನು ತಿರುಗುಮುರುಗಾಗಿ ಕಟ್ಟಿಕೊಂಡರು. ಆದರೆ ಹೆಲ್ಮೆಟ್ಟಿನ ದೀಪ ಕೈಗೆ ಬಂದದ್ದೇ, ವೈರು ಎಳೆದು, ಗಾಜು ಒರೆಸಿ, ಎರಡು ಸಲ ಹೊತ್ತಿಸಿ ಆರಿಸಿ ನೋಡಿದರು. ನನ್ನ ಲೆಕ್ಕ ತಪ್ಪಿತು.

ಆಮೇಲೆ ಗೈಡ್ ಹುಡುಗಿ ಎಲ್ಲರಿಗೂ ನಂಬರಿರುವ ಹಿತ್ತಾಳೆ ಬಿಲ್ಲೆ ಕೊಟ್ಟಳು. ಅದೇ ನಂಬರಿನ ಇನ್ನೊಂದು ಬಿಲ್ಲೆ ಲಿಫ್ಟಿನ ಪಕ್ಕದ ಬೋರ್ಡಿನ ಮೇಲೆ ತೂಗಬೇಕು. ಯಾರು ಕೆಳಗಿದ್ದಾರೆಂದು ತಿಳಿಯುವುದು ಅದರಿಂದಲೇ. ನಾವು ಲಿಫ್ಟು ಹತ್ತಿದೆವು. ಮಾವ ಹತ್ತಲಿಲ್ಲ.

"ಗೈಡೂ ಸೇರಿ ಐದು ಜನ ಇದೀವಿ. ಬೋರ್ಡಲ್ಲಿ ನಾಲ್ಕೇ ಬಿಲ್ಲೆ." ಗಂಡ ಅದನ್ನು ಗೈಡಿಗೆ ತಿಳಿಸಿದ.

"ಎಲ್ಲ ಕಂಪ್ಯೂಟರಿನಲ್ಲೂ ಇದೆ ಸರ್" ಎಂದಳು ಗೈಡ್ ಇಂಗ್ಲಿಷಿನಲ್ಲಿ, ನಗುತ್ತಾ.

"ತಾತ, ಆರ್ ಯೂ ಸ್ಕೇರ್ಡ್?" ಎಂದಳು ನನ್ನ ಮಗಳು.

ಮಾವ ಕದಲಲಿಲ್ಲ. ಹೆದರಿದ್ದಾರೆ, ನೆಪ ಹುಡುಕುತ್ತಿದ್ದಾರೆ ಎಂದುಕೊಂಡೆ. ನನಗೆ ಒಳಗೊಳಗೇ ಸಮಾಧಾನವೂ ಆಯಿತು ಎನ್ನಲು ಈಗ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಆ ಪಾಳಿಯ ಮೇಲ್ವಿಚಾರಕಿ ಬಂದರು. ಬೋರ್ಡು ನೋಡಿ, ಕಂಪ್ಯೂಟರ್ ತೆಗೆದರು. ಅಲ್ಲೂ ನಾಲ್ಕೇ ಹೆಸರು. ನನ್ನ ಮಗಳ ಫಾರಂ ಗೈಡಿನ ಫೈಲಿನಲ್ಲೇ ಉಳಿದಿತ್ತು. ಕೆಳಗೆ ಏನಾದರೂ ಆಗಿದ್ದರೆ ಅವಳು ಒಳಗಿದ್ದಾಳೆಂದು ಮೇಲಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೈಡ್ ಹುಡುಗಿಯ ಮುಖ ಕಂದಿತು. ನಾನು ಮಗಳನ್ನು ಲಿಫ್ಟಿನಿಂದ ಹೊರಗೆಳೆದುಕೊಂಡೆ.

ಮೇಲ್ವಿಚಾರಕಿ ಮಾವನನ್ನು ಕೇಳಿದರು, "ನೀವು ಗಣಿಯಲ್ಲಿ ಎಷ್ಟು ವರ್ಷ ಇಳಿದಿದ್ದೀರಿ?"

ಮಾವ ನನ್ನ ಕಡೆ ತಿರುಗಿದರು. "ಹೇಳಮ್ಮ ಅವರಿಗೆ, ನಾನು ಯಾವತ್ತೂ ಇಳಿದಿಲ್ಲ. ಲ್ಯಾಂಪ್ ರೂಮಲ್ಲಿದ್ದೆ. ಹೋಗೋರಿಗೆ ದೀಪ, ಬಿಲ್ಲೆ ಕೊಡೋದು, ಬಂದೋರಿಂದ ತಗೊಳ್ಳೋದು. ಯಾರ ಬಿಲ್ಲೆಯಾದ್ರೂ ವಾಪಸ್ ಬರದೆ ಉಳಿದ್ರೆ ಮೊದಲು ಗೊತ್ತಾಗ್ತಿದ್ದಿದ್ದು ನಂಗೇ."

ಗಂಡ ನೆಲ ನೋಡುತ್ತಾ ನಿಂತಿದ್ದ. ಇವನಿಗೆ ಮೊದಲೇ ಗೊತ್ತಿತ್ತೇ? ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಮೇಲ್ವಿಚಾರಕಿಗೆ ಮಾತ್ರ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮಾವನ ಕೈ ಕುಲುಕಿ, ಗೈಡಿನ ಬದಲು ತಾವೇ ನಮ್ಮ ಜೊತೆ ಬರುತ್ತೇನೆಂದರು.

ಬೋರ್ಡಿಗೆ ಐದನೆಯ ಬಿಲ್ಲೆ ತೂಗುಹಾಕಿದ ಮೇಲೆ ಇಳಿದೆವು. ಲಿಫ್ಟು ಕುಲುಕಿದಾಗ ಮಾವ ನನ್ನ ತೋಳು ಹಿಡಿದವರು ಬಿಡಲಿಲ್ಲ. ಕೆಳಗೆ ಗೋಡೆಯ ಬಂಡೆ ಮಂಜುಗಟ್ಟಿ ಮಿನುಗುತ್ತಿತ್ತು. ತಿರುವಿನಾಚೆ ಯಾರೋ ಬಂಡೆ ಕೊರೆಯಲು ಶುರುಮಾಡಿದರು. ಸದ್ದು ಹಲ್ಲಿನವರೆಗೂ ನಡುಗಿಸಿತು.

ಅದು ನಿಂತಾಗ ಮಾವ ಮೆಲ್ಲಗೆ ಹೇಳಿದರು, "ಅಷ್ಟು ವರ್ಷ ಗಣಿಯಿಂದ ಮೇಲೆ ಬಂದೋರು ಎಷ್ಟೆಲ್ಲಾ ಕತೆ ಹೇಳಿದ್ರು ನಂಗೆ. ಇಷ್ಟು ಸದ್ದಿರುತ್ತೆ ಅಂತ ಒಬ್ಬರೂ ಹೇಳ್ಲಿಲ್ಲ ನೋಡು."